ಯಾವುದು ಮೊದಲು, ಯಾವುದು ಆಮೇಲೆ? ಕ್ವಾಂಟಮ್ ಸ್ವಿಚ್ ಬಗ್ಗೆ ಒಂದು ಪ್ರಶ್ನೆ

ಲಾಗ್‌ನೋಟ:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಕ್ವಾಂಟಮ್ ಲೋಕದಲ್ಲಿ ಪರಿಣಾಮ ಮೊದಲು ಬಂದು ಕಾರಣ ಆಮೇಲೆ ಬರಬಹುದು ಅಂತ ಒಂದು ತಲೆಬರಹ ಓದಿದೆ. ಒಳಗೆ ಓದಿದರೆ ಅರ್ಧವೂ ಅರ್ಥವಾಗಲಿಲ್ಲ. ಹಾಗಂತ ಬಿಟ್ಟುಬಿಡಲೂ ಮನಸ್ಸಿಲ್ಲ.

ಇಷ್ಟು ಯಾಕೆ ಹಚ್ಚಿಕೊಂಡೆ ಅಂದರೆ, ನನ್ನ ಕೆಲಸವೇ ಕಾರಣ ಹುಡುಕುವುದು. ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಏನಾದರೂ ಕೆಟ್ಟರೆ ಯಂತ್ರ ತಾನೇ ಬರೆದಿಡುವ ಲಾಗ್ ಫೈಲ್ ತೆಗೆದು, ಪ್ರತಿ ಸಾಲಿನ ಹೊತ್ತು ಹೇಳುವ ಟೈಮ್‌ಸ್ಟ್ಯಾಂಪ್ ಹಿಡಿದು ಒಂದೊಂದೇ ಸಾಲು ಹಿಂದಕ್ಕೆ ಹೋಗುತ್ತೇನೆ. ಕೊನೆಗೆ ಒಂದು ಸಾಲು ಸಿಗುತ್ತದೆ, ಇಲ್ಲಿಂದಲೇ ಶುರುವಾಗಿದ್ದು ಅಂತ ಗೊತ್ತಾಗುತ್ತದೆ. ಒಂದೊಂದು ಸಲ ಪರಿಣಾಮದ ಸಾಲೇ ಮುಂಚೆ ಕಾಣುವುದೂ ಉಂಟು, ಆದರೆ ಅದು ಎರಡು ಯಂತ್ರಗಳ ಗಡಿಯಾರ ಹೊಂದಿಕೆಯಾಗದೆ ಆಗಿರುವುದು, ಸರಿ ಮಾಡಿದರೆ ಸಾಲುಗಳು ಮತ್ತೆ ನೆಟ್ಟಗೆ ಕೂರುತ್ತವೆ.

ಹಾಗಾದರೆ ಇವರು ಹೇಳುತ್ತಿರುವುದು ಏನು? ನಿಜವಾಗಿಯೂ ಪ್ರಯೋಗ ಮಾಡಿ ನೋಡಿದ್ದಾರಾ, ಇಲ್ಲ ಬರೀ ಗಣಿತವಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಎಷ್ಟು ಉದ್ದ ಬರೆದರೂ ಓದುತ್ತೇನೆ.

ಗಾಜುಬಿಲ್ಲೆ:

ಮೊದಲು ಆ ತಲೆಬರಹವನ್ನು ಪಕ್ಕಕ್ಕಿಡಿ. ಪರಿಣಾಮ ಮುಂಚೆ ಬರುತ್ತದೆ ಅಂತ ಈ ವಿಷಯದಲ್ಲಿ ಕೆಲಸ ಮಾಡುವವರು ಹೇಳುತ್ತಿಲ್ಲ. ನಾನು ಬೆಳಕಿನ ಪ್ರಯೋಗಗಳ ಲ್ಯಾಬಲ್ಲಿ ಇರುವವಳು. ಈ ಪ್ರಯೋಗವನ್ನು ನಾನು ಮಾಡಿಲ್ಲ, ಆದರೆ ಅದಕ್ಕೆ ಬೇಕಾದ ಸಾಮಾನೆಲ್ಲ ದಿನಾ ನನ್ನ ಕೈಯಲ್ಲೇ ಇರುತ್ತದೆ, ಹಾಗಾಗಿ ಅದರ ಒಳಹೊರಗು ಸ್ವಲ್ಪ ಗೊತ್ತು.

ಅವರು ಹೇಳುವುದು ಇಷ್ಟು. ಎರಡು ಕೆಲಸಗಳಿವೆ ಅಂದುಕೊಳ್ಳಿ, ಕ ಮತ್ತು ಖ. ಸಾಮಾನ್ಯವಾಗಿ ಕ ಮೊದಲು ಖ ಆಮೇಲೆ, ಇಲ್ಲದಿದ್ದರೆ ಖ ಮೊದಲು ಕ ಆಮೇಲೆ. ಎರಡರಲ್ಲಿ ಒಂದು ಆಗಲೇಬೇಕು ಅಲ್ವಾ? ಬೆಳಕಿನ ಒಂದು ಕಣ, ಅಂದರೆ ಫೋಟಾನ್, ಈ ದಾರಿ ಆ ದಾರಿ ಅಂತ ಒಂದು ನಿಗದಿಯಾಗದೆ ಎರಡೂ ಒಟ್ಟಿಗೆ ಸೇರಿದ ಸ್ಥಿತಿಯಲ್ಲಿ, ಅಂದರೆ ಸೂಪರ್‌ಪೊಸಿಷನ್‌ನಲ್ಲಿ ಇರಬಹುದು ಅಂತ ನಮಗೆ ಗೊತ್ತು. ಹಾಗೆಯೇ ಈ ಎರಡು ಕ್ರಮಗಳನ್ನೂ ಸೂಪರ್‌ಪೊಸಿಷನ್‌ನಲ್ಲಿ ಇಟ್ಟರೆ ಏನಾಗುತ್ತದೆ? ಆಗ "ಯಾವುದು ಮೊದಲು" ಅನ್ನುವ ಪ್ರಶ್ನೆಗೆ ಒಂದು ನಿಶ್ಚಿತ ಉತ್ತರವೇ ಇರುವುದಿಲ್ಲ. ಇದನ್ನು ಮಾಡುವ ಜೋಡಣೆಗೆ ಕ್ವಾಂಟಮ್ ಸ್ವಿಚ್ ಅಂತ ಹೆಸರು. ಜೂಲಿಯೊ ಕಿರಿಬೆಲ್ಲ ಮತ್ತು ಜೊತೆಗಾರರು 2009ರಲ್ಲಿ ಇದನ್ನು ಮುಂದಿಟ್ಟರು, ಪತ್ರಿಕೆಯಲ್ಲಿ ಅಚ್ಚಾಗಿದ್ದು 2013ರಲ್ಲಿ. ಬರೀ ಗಣಿತ ಅಂತೂ ಅಲ್ಲ. 2015ರಲ್ಲಿ ವಿಯೆನ್ನಾದಲ್ಲಿ ಫೋಟಾನ್‌ಗಳ ಮೇಲೆ ಮಾಡಿ ತೋರಿಸಿದರು, 2017ರಲ್ಲಿ ಅದೇ ಊರಿನಲ್ಲಿ ಇನ್ನೂ ಬಿಗಿಯಾಗಿ ಪರೀಕ್ಷೆ ಮಾಡಿದರು, 2018ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಬೇರೆ ಬಗೆಯಲ್ಲಿ ಕಟ್ಟಿದರು.

ಇದರಿಂದ ಹಿಂದಿನ ಕಾಲಕ್ಕೆ ಸುದ್ದಿ ಕಳಿಸಲು ಆಗುವುದಿಲ್ಲ. ಎರಡು ಕ್ರಮಗಳನ್ನೂ ಬೇರೆಬೇರೆಯಾಗಿ ನೋಡಿದರೆ ಎರಡೂ ಒಪ್ಪ ಓರಣವಾಗಿವೆ, ಯಾವುದರಲ್ಲೂ ಸುತ್ತು ಹಾಕಿ ಹಿಂದಕ್ಕೆ ಬರುವುದಿಲ್ಲ.

ಹಳೇಮೇಷ್ಟ್ರು:

ಚೆನ್ನಾಗಿ ಹೇಳಿದಿರಿ ತಾಯಿ. ನಾನೊಂದು ಸಣ್ಣ ಮಾತು ಸೇರಿಸುತ್ತೇನೆ. ಕ್ರಮ ಅನ್ನುವುದು ಯಾಕೆ ಮುಖ್ಯ ಅಂತ ಮೊದಲು ಕೈಯಲ್ಲೇ ಮಾಡಿ ನೋಡಿ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಕೈಗೆ ಬಂದದ್ದು ತಲೆಯಿಂದ ಹೋಗುವುದಿಲ್ಲ.

ನಿಮ್ಮ ಫೋನನ್ನು ಅಂಗೈ ಮೇಲೆ ಮಲಗಿಸಿ. ಪರದೆ ಮೇಲಕ್ಕೆ ಇರಲಿ, ಫೋನಿನ ತಲೆ ನಿಮ್ಮಿಂದ ಆಚೆಗೆ. ಈಗ ಎರಡು ಚಲನೆ. ಒಂದನೆಯದು, ಮಲಗಿದ್ದ ಹಾಗೇ ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸುವುದು. ಎರಡನೆಯದು, ಆಚೆಯ ಅಂಚನ್ನು ಎತ್ತಿ ಪರದೆ ನಿಮ್ಮ ಮುಖಕ್ಕೆ ಬರುವಂತೆ ನಿಲ್ಲಿಸುವುದು. ಮೊದಲು ತಿರುಗಿಸಿ ಆಮೇಲೆ ನಿಲ್ಲಿಸಿದರೆ ಫೋನ್ ಅಡ್ಡಡ್ಡ ನಿಂತು ಪರದೆ ನಿಮ್ಮನ್ನೇ ನೋಡುತ್ತದೆ. ಮೊದಲು ನಿಲ್ಲಿಸಿ, ನಿಂತ ಹಾಗೇ ಕಾಲು ಸುತ್ತು ತಿರುಗಿಸಿದರೆ ಫೋನ್ ಉದ್ದುದ್ದ ನಿಂತು ಪರದೆ ಎಡಕ್ಕೆ ಹೋಗುತ್ತದೆ. ಚಲನೆ ಎರಡೂ ಅವೇ, ಕ್ರಮ ಮಾತ್ರ ಬೇರೆ. ಕ್ರಮ ಬದಲಾದರೆ ಫಲ ಬದಲಾಗುವ ಕಡೆ ಮಾತ್ರ "ಯಾವುದು ಮೊದಲು" ಅನ್ನುವುದನ್ನು ಕೆದಕಿ ನೋಡಬಹುದು.

ಇನ್ನೊಂದು. ಕ್ರಮ ಅಲುಗಾಡಿದ್ದು ಇದೇ ಮೊದಲಲ್ಲ. 1905ರಲ್ಲಿ ಐನ್‌ಸ್ಟೈನ್ ಬಂದಾಗಲೇ ದೂರದ ಎರಡು ಘಟನೆಗಳಲ್ಲಿ ಯಾವುದು ಮೊದಲು ಅನ್ನುವುದು ನೋಡುವವನ ವೇಗದ ಮೇಲೆ ನಿಂತಿದೆ ಅಂತ ಆಯಿತು. ಆದರೆ ಬೆಳಕು ಒಂದರಿಂದ ಇನ್ನೊಂದಕ್ಕೆ ಮುಟ್ಟಲು ಆಗದಷ್ಟು ಅಂತರ ಇರುವ ಘಟನೆಗಳಿಗೆ ಮಾತ್ರ ಆ ಮಾತು. ಕಾರಣ ಪರಿಣಾಮದ ನಂಟು ಇರುವ ಕಡೆ ಕ್ರಮ ಎಲ್ಲರಿಗೂ ಒಂದೇ. ಸ್ವಿಚ್ ಕೈ ಹಾಕಿರುವುದು ಅದಕ್ಕೇ.

ಲಾಗ್‌ನೋಟ:

ಮೇಷ್ಟ್ರೇ, ಫೋನ್ ತಿರುಗಿಸಿ ನೋಡಿದೆ. ಪಕ್ಕದಲ್ಲಿ ಕೂತವರಿಗೂ ತೋರಿಸಿದೆ. ತುಂಬಾ ಥ್ಯಾಂಕ್ಸ್.

ನಿಮ್ಮ ಎರಡನೇ ಮಾತು ನನಗೆ ಚೆನ್ನಾಗಿ ಹೊಂದಿತು. ನಮ್ಮ ಕ್ಷೇತ್ರದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅಂತ ಒಬ್ಬರಿದ್ದಾರೆ. ಹಲವು ಕಂಪ್ಯೂಟರ್‌ಗಳ ನಡುವೆ ಘಟನೆಗಳ ಕ್ರಮ ಹೇಗೆ ಹೇಳುವುದು ಅಂತ 1978ರಲ್ಲಿ ಬರೆದರು. ಐನ್‌ಸ್ಟೈನರ ಸಾಪೇಕ್ಷತೆಯಿಂದಲೇ ಆ ಹೊಳಹು ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ಎರಡು ಯಂತ್ರಗಳ ನಡುವೆ ಸಂದೇಶವೇ ಹೋಗಿಲ್ಲದಿದ್ದರೆ ಅವುಗಳ ಘಟನೆಗಳಿಗೆ ಹಿಂದು ಮುಂದು ಅನ್ನುವುದೇ ಇಲ್ಲ. ಹಾಗಾಗಿ "ಕ್ರಮ ಗೊತ್ತಿಲ್ಲ" ಅನ್ನುವುದರಲ್ಲಿ ನನಗೆ ಎರಡು ಬಗೆ ಗೊತ್ತು. ಒಂದು, ಕ್ರಮ ಇತ್ತು, ನಾವು ಬರೆದಿಟ್ಟುಕೊಳ್ಳಲಿಲ್ಲ. ಎರಡು, ನಂಟೇ ಇಲ್ಲ, ಹಾಗಾಗಿ ಕ್ರಮವೂ ಇಲ್ಲ.

ನನ್ನ ಸಂಶಯ ಇಲ್ಲಿದೆ. ಸ್ವಿಚ್‌ನಲ್ಲಿ ಆಗುತ್ತಿರುವುದು ಮೊದಲನೇ ಬಗೆಯೇ ಯಾಕಾಗಬಾರದು? ಒಳಗೆ ಎಲ್ಲೋ ಒಂದು ನಾಣ್ಯ ಚಿಮ್ಮಿದ ಹಾಗೆ ಆಗಿ, ಪ್ರತಿ ಫೋಟಾನ್ ಒಂದು ಕ್ರಮದಲ್ಲೇ ಹೋಗಿದೆ, ನಮಗೆ ಕಾಣಲಿಲ್ಲ ಅಷ್ಟೇ. ಹಾಗಲ್ಲ ಅಂತ ಹೇಗೆ ಹೇಳುತ್ತೀರಿ?

ಗಾಜುಬಿಲ್ಲೆ:

ಇದೇ ಸರಿಯಾದ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತದೆ, ಆದರೆ ಈ ಒಂದು ಜಾಗ ಹಿಡಿದುಬಿಟ್ಟರೆ ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ.

ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಅಲುಗುತ್ತದೆ ಅನ್ನುವುದನ್ನು ಪೋಲರೈಸೇಷನ್ ಅನ್ನುತ್ತೇವೆ. ಅಡ್ಡಡ್ಡ ಅಲುಗಬಹುದು, ಲಂಬವಾಗಿ ಅಲುಗಬಹುದು. ಅದನ್ನು ಬದಲಾಯಿಸುವುದಕ್ಕೆ ಹಾಫ್ ವೇವ್ ಪ್ಲೇಟ್ ಅಂತ ಇದೆ, ನಾಣ್ಯದಷ್ಟು ಅಗಲದ ಸ್ಫಟಿಕದ ಬಿಲ್ಲೆ. ಡಿಗ್ರಿ ಗುರುತು ಇರುವ ಒಂದು ಬಳೆಯಲ್ಲಿ ಕೂರಿಸಿರುತ್ತೇವೆ, ಬೆರಳಲ್ಲಿ ತಿರುಗಿಸಬಹುದು. ಬಿಲ್ಲೆಯನ್ನು 0 ಡಿಗ್ರಿಯಲ್ಲಿ ಇಟ್ಟರೆ ಅಡ್ಡವನ್ನು ಹಾಗೇ ಬಿಡುತ್ತದೆ, ಲಂಬಕ್ಕೆ ಒಂದು ಮೈನಸ್ ಹಚ್ಚುತ್ತದೆ, ಅಂದರೆ ಅಲೆಯ ಏರು ಇಳಿತಗಳನ್ನು ಅದಲು ಬದಲು ಮಾಡುತ್ತದೆ. 45 ಡಿಗ್ರಿಯಲ್ಲಿ ಇಟ್ಟರೆ ಅಡ್ಡವನ್ನು ಲಂಬ ಮಾಡುತ್ತದೆ, ಲಂಬವನ್ನು ಅಡ್ಡ ಮಾಡುತ್ತದೆ.

ಈಗ ಲಂಬ ಫೋಟಾನ್ ಒಂದನ್ನು ಕಳಿಸಿ. ಮೊದಲು 0, ಆಮೇಲೆ 45. ಲಂಬ ಮೈನಸ್ ಲಂಬ ಆಯಿತು, ಆಮೇಲೆ ಮೈನಸ್ ಅಡ್ಡ ಆಯಿತು. ಈಗ ಕ್ರಮ ತಿರುಗಿಸಿ. ಮೊದಲು 45, ಲಂಬ ಅಡ್ಡ ಆಯಿತು. ಆಮೇಲೆ 0, ಅಡ್ಡ ಅಡ್ಡವಾಗೇ ಉಳಿಯಿತು. ಒಂದರಲ್ಲಿ ಮೈನಸ್ ಅಡ್ಡ, ಇನ್ನೊಂದರಲ್ಲಿ ಬರೀ ಅಡ್ಡ. ಕ್ರಮದ ವ್ಯತ್ಯಾಸವೆಲ್ಲ ಆ ಒಂದು ಮೈನಸ್‌ನಲ್ಲಿ ಅಡಗಿ ಕೂತಿದೆ. ಅಡ್ಡ ಫೋಟಾನ್ ಕಳಿಸಿದರೂ ಅಷ್ಟೇ, ಎರಡು ಕ್ರಮಕ್ಕೂ ಒಂದು ಮೈನಸ್ ವ್ಯತ್ಯಾಸ.

ಆದರೆ ಒಂಟಿ ಫೋಟಾನಿನ ಮೈನಸ್ ಯಾರಿಗೂ ಕಾಣುವುದಿಲ್ಲ. ಮೈನಸ್ ಅಡ್ಡ ಬಂದರೂ ಫೋಟಾನ್ ಹಿಡಿದು ಎಣಿಸುವ ಡಿಟೆಕ್ಟರ್‌ಗೆ ಅದು ಅಡ್ಡವೇ. ಕಾಣಬೇಕಾದರೆ ಹೋಲಿಸಿ ನೋಡಲು ಇನ್ನೊಂದು ಬೇಕು. ಆದ್ದರಿಂದ ಫೋಟಾನಿನ ದಾರಿಯನ್ನು ಅರ್ಧ ಬೆಳ್ಳಿ ಬಳಿದ ಕನ್ನಡಿಯಂಥ ಒಂದು ಬೀಮ್ ಸ್ಪ್ಲಿಟರ್‌ನಲ್ಲಿ ಎರಡು ಮಾಡುತ್ತೇವೆ. ಒಂದು ದಾರಿ 0 ದಾಟಿ 45ಕ್ಕೆ ಹೋಗುತ್ತದೆ. ಇನ್ನೊಂದು 45 ದಾಟಿ 0ಗೆ ಹೋಗುತ್ತದೆ. ಬಿಲ್ಲೆಗಳು ಅವೇ ಎರಡು. ಕೊನೆಗೆ ಎರಡು ದಾರಿಗಳನ್ನೂ ಇನ್ನೊಂದು ಬೀಮ್ ಸ್ಪ್ಲಿಟರ್‌ನಲ್ಲಿ ಕೂಡಿಸುತ್ತೇವೆ. ಅಲ್ಲಿಂದ ಹೊರಗೆ ಬರಲು ಎರಡು ಬಾಗಿಲು, ಪ್ರತಿ ಬಾಗಿಲಿಗೂ ಒಂದು ಡಿಟೆಕ್ಟರ್.

ಎರಡು ದಾರಿಯ ಚಿಹ್ನೆ ಒಂದೇ ಇದ್ದರೆ ಫೋಟಾನ್ ಪ್ರತಿ ಸಲವೂ ಮೊದಲ ಬಾಗಿಲಿಂದಲೇ ಬರುತ್ತದೆ. ಚಿಹ್ನೆ ಎದುರುಬದುರಾದರೆ ಪ್ರತಿ ಸಲವೂ ಎರಡನೇ ಬಾಗಿಲು. ಎರಡೂ ಬಿಲ್ಲೆಗಳನ್ನು 0 ಡಿಗ್ರಿಯಲ್ಲಿ ಇಟ್ಟರೆ ಕ್ರಮದಿಂದ ವ್ಯತ್ಯಾಸವೇ ಆಗುವುದಿಲ್ಲ, ಎಣಿಕೆಯೆಲ್ಲ ಮೊದಲ ಬಾಗಿಲಲ್ಲಿ ಬೀಳುತ್ತದೆ. ಒಂದು ಬಿಲ್ಲೆಯ ಬಳೆಯನ್ನು 45ಕ್ಕೆ ತಿರುಗಿಸಿದರೆ ಎಣಿಕೆಯೆಲ್ಲ ಎರಡನೇ ಬಾಗಿಲಿಗೆ ಹಾರುತ್ತದೆ.

ಈಗ ನಿಮ್ಮ ನಾಣ್ಯ. ಪ್ರತಿ ಫೋಟಾನೂ ಒಂದೇ ಕ್ರಮದಲ್ಲಿ, ಒಂದೇ ದಾರಿಯಲ್ಲಿ ಹೋಗಿದ್ದರೆ ಕೊನೆಯ ಬೀಮ್ ಸ್ಪ್ಲಿಟರ್‌ಗೆ ಅದು ಒಂಟಿಯಾಗಿ ಬರುತ್ತಿತ್ತು. ಒಂಟಿಯಾಗಿ ಬಂದರೆ ಅರ್ಧ ಆ ಬಾಗಿಲು, ಅರ್ಧ ಈ ಬಾಗಿಲು. ಬಿಲ್ಲೆ ಹೇಗೆ ತಿರುಗಿಸಿದರೂ ಅರ್ಧ ಅರ್ಧವೇ. ನಾವು ನೋಡುವುದು ಹಾಗಿಲ್ಲ. ಎರಡು ಕ್ರಮಗಳೂ ಕೊನೆಗೆ ಬಂದು ಒಂದನ್ನೊಂದು ಮುಟ್ಟಿ ತಮ್ಮ ಚಿಹ್ನೆಯನ್ನು ಹೋಲಿಸಿಕೊಂಡಿವೆ.

ಇದನ್ನು ಕೂಡಿಸುವುದು ಎಷ್ಟು ನಾಜೂಕು ಅಂತ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಎರಡು ದಾರಿಗಳ ಉದ್ದದಲ್ಲಿ ಬೆಳಕಿನ ಅಲೆಯ ಅರ್ಧದಷ್ಟು, ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ವ್ಯತ್ಯಾಸ ಆದರೂ ಬಾಗಿಲು ಅದಲು ಬದಲಾಗುತ್ತದೆ. ಒಂದು ದಾರಿಯ ಪಕ್ಕ ಅಂಗೈ ಹಿಡಿದರೆ ಸಾಕು, ಕೈಯ ಬಿಸಿಗೆ ಎಣಿಕೆ ನಿಧಾನವಾಗಿ ಒಂದು ಡಿಟೆಕ್ಟರ್‌ನಿಂದ ಇನ್ನೊಂದಕ್ಕೆ ಜಾರುವುದು ಪರದೆಯಲ್ಲಿ ಕಾಣುತ್ತದೆ. ನಾನು ಮೊದಲ ಸಲ ಇಂಥ ಜೋಡಣೆ ಕೂಡಿಸಿದ ದಿನ ಉಸಿರು ಬಿಗಿ ಹಿಡಿದು ಕೂತಿದ್ದೆ.

ಲಾಗ್‌ನೋಟ:

ಎರಡು ಸಲ ಓದಿದೆ, ಮೈನಸ್ ಲೆಕ್ಕವನ್ನು ಹಾಳೆ ಮೇಲೆ ಮಾಡಿದೆ. ಬಂತು. ಹಾಗಾದರೆ ಇದು ನನ್ನ ಎರಡು ಬಗೆಗೂ ಸೇರದ ಮೂರನೇ ಬಗೆ. ನಂಟು ಇದೆ, ಎರಡೂ ಬಿಲ್ಲೆಗಳು ಫೋಟಾನನ್ನು ಮುಟ್ಟಿವೆ, ಕ್ರಮದ ಗುರುತು ಫಲದಲ್ಲಿ ಕಾಣುತ್ತಿದೆ. ಆದರೂ ಇದೇ ಕ್ರಮ ಅಂತ ತೋರಿಸಲು ಆಗುವುದಿಲ್ಲ.

ನೂರೆಂಟುಪ್ರಶ್ನೆ:

ಮಧ್ಯ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇದು ಆ ಡಿಲೇಡ್ ಚಾಯ್ಸ್ ಕ್ವಾಂಟಮ್ ಇರೇಸರ್ ತರಹವೇ ಅಲ್ವಾ? ಅಲ್ಲೂ ಆಮೇಲೆ ಮಾಡಿದ ಆಯ್ಕೆ ಮುಂಚೆ ಆಗಿದ್ದನ್ನು ಬದಲಾಯಿಸುತ್ತದೆ ಅಂತಾರೆ. ಇನ್ನೊಂದು, ಬೀಜ ಮೊದಲೋ ಮರ ಮೊದಲೋ ಅನ್ನುವ ಹಳೇ ಮಾತೂ ಇದೇನಾ?

ಗಾಜುಬಿಲ್ಲೆ:

ಎರಡೂ ಅಲ್ಲ. ಬೀಜ ಮರದ ಮಾತಿನಲ್ಲಿ ಈ ಬೀಜ, ಈ ಮರ ಅಂತ ಬೆರಳಿಟ್ಟು ತೋರಿಸಿದರೆ ಯಾವುದು ಮೊದಲು ಅಂತ ಸಲೀಸಾಗಿ ಹೇಳಬಹುದು. ಸರಪಳಿಯ ತುದಿ ಸಿಗುವುದಿಲ್ಲ ಅನ್ನುವುದಷ್ಟೇ ಅಲ್ಲಿನ ತೊಡಕು.

ಇರೇಸರ್ ಪ್ರಯೋಗ ಮಾಡಿದ್ದು ನಿಜ, 2000ದಲ್ಲಿ ಅಚ್ಚಾಯಿತು. ಅಲ್ಲಿ ಜೋಡಿ ಫೋಟಾನ್‌ಗಳಲ್ಲಿ ಒಂದು ಮೊದಲೇ ಪರದೆ ಸೇರುತ್ತದೆ. ಆ ಪರದೆಯ ಎಲ್ಲ ಚುಕ್ಕೆಗಳನ್ನೂ ಒಟ್ಟಿಗೆ ನೋಡಿದರೆ, ಎರಡು ದಾರಿ ಕೂಡಿದ್ದರ ಗುರುತಾದ ಪಟ್ಟೆಗಳೇ ಕಾಣುವುದಿಲ್ಲ, ಆಮೇಲೆ ಯಾರು ಏನು ಮಾಡಿದರೂ ಆ ಮೊತ್ತ ಬದಲಾಗುವುದಿಲ್ಲ. ಜೋಡಿಯ ಇನ್ನೊಂದು ಫೋಟಾನ್ ಯಾವ ಡಿಟೆಕ್ಟರ್‌ಗೆ ಬಿತ್ತು ಅಂತ ನೋಡಿ ಚುಕ್ಕೆಗಳನ್ನು ವಿಂಗಡಿಸಿದಾಗ ಮಾತ್ರ ಕೆಲವು ಗುಂಪುಗಳಲ್ಲಿ ಪಟ್ಟೆ ಕಾಣುತ್ತದೆ. ವಿಂಗಡಣೆ ಆಮೇಲೆ ನಡೆಯುತ್ತದೆ, ಹಳೆಯ ಚುಕ್ಕೆ ಯಾವುದೂ ಜಾಗ ಬದಲಾಯಿಸಿಲ್ಲ.

ಎರಡನೇಮಾತು:

ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ಗಾಜುಬಿಲ್ಲೆ ಅವರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದರಿಂದ ಅವರು ತೆಗೆಯುತ್ತಿರುವ ಅರ್ಥಕ್ಕೆ ನನ್ನ ತಕರಾರು ಇದೆ. ಇದು ನನ್ನೊಬ್ಬನ ತಕರಾರು ಕೂಡ ಅಲ್ಲ, ನಿಕೊಲಾ ಪೌಂಕೊವಿಚ್ ಮತ್ತು ಮಾರ್ಕೊ ವೊಯಿನೊವಿಚ್ 2020ರಲ್ಲಿ ಇದನ್ನೇ ವಿವರವಾಗಿ ಬರೆದಿದ್ದಾರೆ.

ಎರಡು ಬಿಲ್ಲೆಗಳ ನಡುವೆ 60 ಸೆಂಟಿಮೀಟರ್ ಇದೆ ಅನ್ನೋಣ. ಬೆಳಕು ಒಂದು ನ್ಯಾನೋಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಹಾಗಾದರೆ ಒಂದು ದಾರಿಯಲ್ಲಿ ಫೋಟಾನ್ ಕ ಬಿಲ್ಲೆಯನ್ನು ಮುಟ್ಟಿ, 2 ನ್ಯಾನೋಸೆಕೆಂಡ್ ಆದಮೇಲೆ ಖ ಬಿಲ್ಲೆಯನ್ನು ಮುಟ್ಟುತ್ತದೆ. ಇನ್ನೊಂದು ದಾರಿಯಲ್ಲಿ ಖ ಮೊದಲು, 2 ನ್ಯಾನೋಸೆಕೆಂಡ್ ಆದಮೇಲೆ ಕ. ಗೋಡೆ ಗಡಿಯಾರ ನೋಡಿ ಎಣಿಸಿದರೆ ಒಟ್ಟು ನಾಲ್ಕು ಘಟನೆ ಸಿಗುತ್ತವೆ. ಬೇಗ ಕ, ತಡವಾಗಿ ಕ, ಬೇಗ ಖ, ತಡವಾಗಿ ಖ. ಈ ನಾಲ್ಕರ ನಡುವಿನ ಕ್ರಮದಲ್ಲಿ ಗೊಂದಲ ಎಲ್ಲಿದೆ? ಬೇಗ ಅನ್ನುವುದು ಬೇಗ, ತಡ ಅನ್ನುವುದು ತಡ. ಫೋಟಾನ್ ಎರಡು ದಾರಿಯಲ್ಲಿ ಸೂಪರ್‌ಪೊಸಿಷನ್‌ನಲ್ಲಿ ಇದೆ, ಅದನ್ನು ಒಪ್ಪುತ್ತೇನೆ. ಅದಕ್ಕೆ ಒಂದೇ ಫೋಟಾನ್ ಎರಡು ಸೀಳಿನಲ್ಲೂ ಹಾಯುವ ಹಳೆಯ ಎರಡು ಸೀಳಿನ ಪ್ರಯೋಗವೇ ಸಾಕಿತ್ತು. ಲ್ಯಾಬಿನ ಕಾಲ, ಲ್ಯಾಬಿನ ಜಾಗ ಎಲ್ಲ ಎಂದಿನ ಹಾಗೇ ಇದೆ. ಕಾರಣ ಪರಿಣಾಮದ ಬುಡವೇ ಅಲುಗಿತು ಅಂತ ಹೇಳುವಷ್ಟು ಇಲ್ಲಿ ಏನೂ ಆಗಿಲ್ಲ.

ಗಾಜುಬಿಲ್ಲೆ:

ಈ ತಕರಾರು ಬರಲಿ ಅಂತಲೇ ಕಾಯುತ್ತಿದ್ದೆ. ನಿಮ್ಮ ಮಾತಿನಲ್ಲಿ ಅರ್ಧಕ್ಕಿಂತ ಜಾಸ್ತಿ ನಾನೂ ಒಪ್ಪುತ್ತೇನೆ. ಲ್ಯಾಬಿನ ಕಾಲ ಎಂದಿನ ಹಾಗೇ ಇದೆ, ನಿಜ.

ಆದರೆ "ನಾಲ್ಕು ಘಟನೆ" ಅನ್ನುವುದನ್ನು ಪರೀಕ್ಷೆ ಮಾಡೋಣ. ಪ್ರತಿ ಬಿಲ್ಲೆಯಲ್ಲೂ ಒಂದು ಸಣ್ಣ ಕ್ವಾಂಟಮ್ ಎಣಿಕೆ ಯಂತ್ರ ಇಟ್ಟೆವು ಅಂದುಕೊಳ್ಳಿ. ಫೋಟಾನ್ ದಾಟಿದಾಗ ಒಂದು ಕೂಡಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ. ಕೊನೆಗೆ ನೋಡಿದರೆ ಕ ಬಿಲ್ಲೆಯಲ್ಲಿ 1, ಖ ಬಿಲ್ಲೆಯಲ್ಲಿ 1. ಎರಡು ದಾರಿಗೂ ಇದೇ ಎಣಿಕೆ, ಹಾಗಾಗಿ ಎಣಿಕೆ ನೋಡಿ ಯಾವ ದಾರಿ ಅಂತ ಹೇಳಲಾಗುವುದಿಲ್ಲ, ಎರಡು ದಾರಿ ಕೂಡಿ ಚಿಹ್ನೆ ಹೋಲಿಸಿಕೊಳ್ಳುವುದು, ಅಂದರೆ ಇಂಟರ್‌ಫಿಯರೆನ್ಸ್ ಕೆಡುವುದಿಲ್ಲ. ಬಿಲ್ಲೆಯ ಕಡೆಯಿಂದ ಕೇಳಿದರೆ ತಲಾ ಒಂದೇ ಒಂದು ಸಲ ಕೆಲಸ ನಡೆದಿದೆ. ಬೇಗ ತಡ ಅಂತ ಬೇರೆ ಮಾಡಬೇಕಾದರೆ ಆ ಯಂತ್ರ ಹೊತ್ತನ್ನೂ ಬರೆದಿಡಬೇಕು. ಬರೆದಿಟ್ಟ ಕೂಡಲೇ ದಾರಿ ಯಾವುದು ಅಂತ ಗೊತ್ತಾಗುತ್ತದೆ, ಎಣಿಕೆ ಅರ್ಧ ಅರ್ಧ ಆಗಿಬಿಡುತ್ತದೆ. ನಾಲ್ಕು ಅಂತ ಎಣಿಸಲು ಹೊರಟರೆ ಪ್ರಯೋಗವೇ ಬೇರೆಯಾಗುತ್ತದೆ.

ಎರಡು ಸೀಳಿಗಿಂತ ಇದರಲ್ಲಿ ಜಾಸ್ತಿ ಏನಿದೆ ಅಂದರೆ, 2017ರ ವಿಯೆನ್ನಾ ಪ್ರಯೋಗದಲ್ಲಿ ಸ್ವಿಚ್ ಒಳಗೇ ಅಳತೆಯನ್ನೂ ಮಾಡಿದರು. ಫಲವನ್ನು ಮಧ್ಯದಲ್ಲಿ ಓದದೆ ಕೊನೆಯಲ್ಲಿ ಓದಿದರು, ಹಾಗಾಗಿ ಸೂಪರ್‌ಪೊಸಿಷನ್ ಒಡೆಯಲಿಲ್ಲ. ಕ್ರಮ ಯಾವುದಾದರೂ ಒಂದು ಇದ್ದರೆ, ಅಥವಾ ನಾಣ್ಯ ಚಿಮ್ಮಿ ತೀರ್ಮಾನವಾಗಿದ್ದರೂ, ಒಂದು ಮೊತ್ತ ಇಂತಿಷ್ಟನ್ನು ದಾಟಬಾರದು. ದಾಟಿತು, ಅಳತೆಯ ಸಹಜ ಏರುಪೇರಿನ ಸುಮಾರು ಏಳು ಪಟ್ಟು, ಅಂದರೆ 7 ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು. 2018ರ ಕ್ವೀನ್ಸ್‌ಲ್ಯಾಂಡ್ ಪ್ರಯೋಗದಲ್ಲಿ 18.

ಎರಡನೇಮಾತು:

ಎಣಿಕೆ ಯಂತ್ರದ ಮಾತು ಚೆನ್ನಾಗಿದೆ. "ಒಂದು ಕೆಲಸ" ಅಂದರೆ ಬಿಲ್ಲೆಯನ್ನು ಒಂದು ಸಲ ಬಳಸಿದ್ದು ಅಂತ ನೀವು ಹೇಳುತ್ತೀರಿ, ಜಾಗ ಮತ್ತು ಹೊತ್ತು ಎರಡೂ ಗೊತ್ತಿರುವ ಒಂದು ಬಿಂದು ಅಂತ ನಾನು ಹೇಳುತ್ತೇನೆ. ನಮ್ಮ ಜಗಳ ಇರುವುದು ಘಟನೆ ಅನ್ನುವ ಪದದಲ್ಲಿ. ಆದರೆ ಆ 7, 18ರ ಲೆಕ್ಕದ ಬಗ್ಗೆ ಓದುವವರಿಗೆ ಒಂದು ವಿಷಯ ತಿಳಿದಿರಬೇಕು. ಆ ಪರೀಕ್ಷೆಯಲ್ಲಿ ಉಪಕರಣಗಳು ಹೀಗೇ ಕೆಲಸ ಮಾಡುತ್ತವೆ, ಕ್ವಾಂಟಮ್ ನಿಯಮ ಪಾಲಿಸುತ್ತವೆ ಅಂತ ಮೊದಲೇ ನಂಬಿರುತ್ತೇವೆ. ಏನನ್ನೂ ನಂಬದೆ, ಬರೀ ಪ್ರಶ್ನೆ ಮತ್ತು ಉತ್ತರ ನೋಡಿ ಹೇಳುವ ಪರೀಕ್ಷೆ ಬೇರೆ ಇದೆ.

ಅದನ್ನು ಒರೆಶ್ಕೊವ್, ಕೋಸ್ಟಾ, ಬ್ರುಕ್ನರ್ 2012ರಲ್ಲಿ ಒಂದು ಆಟದ ರೂಪದಲ್ಲಿ ಕೊಟ್ಟರು. ಇಬ್ಬರು ಆಟಗಾರರು, ಪ್ರತಿಯೊಬ್ಬರೂ ಒಂದು ಮುಚ್ಚಿದ ಕೋಣೆಯಲ್ಲಿ. ಕೋಣೆಗೆ ಒಂದು ಸಲ ಏನೋ ಒಳಗೆ ಬರುತ್ತದೆ, ಒಂದು ಸಲ ಹೊರಗೆ ಹೋಗುತ್ತದೆ, ಅಷ್ಟೇ. ಇಬ್ಬರ ಬಳಿಯೂ ಸೊನ್ನೆಯೋ ಒಂದೋ ಬರೆದ ಚೀಟಿ ಇರುತ್ತದೆ. ಎರಡನೆಯವನ ಬಳಿ ಇನ್ನೊಂದು ಚೀಟಿ, ಯಾರು ಯಾರ ಚೀಟಿಯನ್ನು ಊಹಿಸಬೇಕು ಅಂತ ಅದು ಹೇಳುತ್ತದೆ. ಮೊದಲನೆಯವನು ಮುಂಚೆ ಇದ್ದರೆ ತನ್ನ ಚೀಟಿಯನ್ನು ಎರಡನೆಯವನಿಗೆ ಕಳಿಸಬಹುದು, ಅವನು ಊಹಿಸಬೇಕಾದಾಗ ನೂರಕ್ಕೆ ನೂರು ಸರಿ. ಮೊದಲನೆಯವನೇ ಊಹಿಸಬೇಕಾದರೆ ಅವನಿಗೆ ಸುಳಿವೇ ಇಲ್ಲ, ಅರ್ಧ ಸರಿ. ಸರಾಸರಿ ಮುಕ್ಕಾಲು. ಕ್ರಮ ತಿರುಗಿಸಿದರೂ ಮುಕ್ಕಾಲು, ನಾಣ್ಯ ಚಿಮ್ಮಿದರೂ ಮುಕ್ಕಾಲೇ. ಕೋಣೆಯ ಒಳಗೆ ಮಾತ್ರ ಕ್ವಾಂಟಮ್ ನಿಯಮ ಇಟ್ಟು, ಹೊರಗೆ ಕ್ರಮ ಇರಬೇಕು ಅನ್ನುವುದನ್ನು ಕೈಬಿಟ್ಟರೆ ಗಣಿತದಲ್ಲಿ ಸುಮಾರು 85.4 ಶೇಕಡ ಗೆಲ್ಲಬಹುದು ಅಂತ ಅವರು ತೋರಿಸಿದರು.

ಕ್ವಾಂಟಮ್ ಸ್ವಿಚ್ ಈ ಆಟದಲ್ಲಿ ಮುಕ್ಕಾಲನ್ನು ದಾಟುವುದಿಲ್ಲ. ಅದು ಸಾಬೀತಾಗಿದೆ.

ಗಾಜುಬಿಲ್ಲೆ:

ಹೌದು, ಅದನ್ನು ಮುಚ್ಚಿಡುವುದಕ್ಕೆ ಕಾರಣ ಇಲ್ಲ. ಆದರೆ ಅಲ್ಲಿಗೇ ನಿಲ್ಲಬೇಡಿ. 2023ರಲ್ಲಿ ವಾನ್ ಡರ್ ಲುಗ್ಟ್, ಬ್ಯಾರೆಟ್, ಕಿರಿಬೆಲ್ಲ ಇನ್ನೊಂದು ದಾರಿ ತೋರಿಸಿದರು. ಸ್ವಿಚ್‌ನ ಕ್ರಮ ನಿರ್ಧರಿಸುವ ಕಣವನ್ನು ದೂರದಲ್ಲಿರುವ ಇನ್ನೊಬ್ಬರ ಕಣದ ಜೊತೆ ಎಂಟ್ಯಾಂಗಲ್ ಮಾಡಿದರೆ, ಅಂದರೆ ಎರಡರ ಫಲಗಳೂ ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿದರೆ, ದೂರದ ಎರಡು ಕಣಗಳ ಫಲಗಳನ್ನು ಹೋಲಿಸಿ ನೋಡುವ ಬೆಲ್ ಪರೀಕ್ಷೆಯ ಹಾಗೆ ಉಪಕರಣವನ್ನು ನಂಬದೆಯೂ ಸ್ವಿಚ್‌ನಲ್ಲಿ ನಿಶ್ಚಿತ ಕ್ರಮ ಇಲ್ಲ ಅಂತ ತೋರಿಸಬಹುದು. ಅದಕ್ಕೂ ಕೆಲವು ಷರತ್ತುಗಳು ಬೇಕು, ಬೆಳಕಿಗಿಂತ ವೇಗವಾಗಿ ಪ್ರಭಾವ ಹರಡಬಾರದು ಅನ್ನುವಂಥವು. ಮುಕ್ಕಾಲಿನ ಆಟಕ್ಕೆ ಹೋಲಿಸಿದರೆ ಇದು ಕಡಿಮೆಯೇ, ಆದರೆ ಮೊದಲಿಗಿಂತ ತುಂಬಾ ಗಟ್ಟಿ.

ಹಳೇಮೇಷ್ಟ್ರು:

ಇಬ್ಬರೂ ಚೆನ್ನಾಗಿ ವಾದ ಮಾಡುತ್ತಿದ್ದೀರಿ, ಓದಲು ಖುಷಿಯಾಗುತ್ತದೆ. ಎರಡನೇಮಾತು ಅವರೇ, ನಿಮ್ಮ ತಕರಾರು ಉಳಿಯದ ಒಂದು ಜಾಗ ಇದೆ. ಗುರುತ್ವ.

ಈ ಇಡೀ ವಿಚಾರದ ಬೇರು ಅಲ್ಲೇ ಇರುವುದು. ಐನ್‌ಸ್ಟೈನರ ಗುರುತ್ವದಲ್ಲಿ ಯಾವುದು ಯಾವುದಕ್ಕೆ ಕಾರಣವಾಗಬಹುದು ಅನ್ನುವುದನ್ನು ಅಲ್ಲಿರುವ ವಸ್ತುವಿನ ತೂಕ ತೀರ್ಮಾನಿಸುತ್ತದೆ. ಕ್ವಾಂಟಮ್‌ನಲ್ಲಿ ಆ ವಸ್ತು ಎಲ್ಲಿದೆ ಅನ್ನುವುದೇ ನಿಶ್ಚಿತವಲ್ಲ. ಎರಡನ್ನೂ ಕೂಡಿಸಿದರೆ ಕ್ರಮವೂ ನಿಶ್ಚಿತವಾಗಿರಲಾರದು ಅಂತ ಲೂಸಿಯನ್ ಹಾರ್ಡಿ 2005ರಲ್ಲೇ ಬರೆದರು.

2019ರಲ್ಲಿ ಮಗ್ಡಲೇನಾ ಜಿಖ್ ಮತ್ತು ಜೊತೆಗಾರರು ಅದಕ್ಕೊಂದು ಸ್ಪಷ್ಟ ಚಿತ್ರ ಕೊಟ್ಟರು. ಇಬ್ಬರು ಗೆಳೆಯರು ದೂರದೂರ ಇದ್ದಾರೆ, ಇಬ್ಬರ ಬಳಿಯೂ ಒಂದೇ ತರಹದ ಗಡಿಯಾರ. ತನ್ನ ಗಡಿಯಾರದಲ್ಲಿ ಹತ್ತು ಹೊಡೆದಾಗ ಒಂದು ಕೆಲಸ ಮಾಡಬೇಕು ಅಂತ ಮಾತಾಗಿದೆ. ಭಾರದ ವಸ್ತುವಿನ ಹತ್ತಿರ ಗಡಿಯಾರ ನಿಧಾನ. ಒಂದು ದೊಡ್ಡ ಭಾರವನ್ನು ಮೊದಲ ಗೆಳೆಯನ ಪಕ್ಕ ಇಟ್ಟರೆ ಅವನ ಹತ್ತು ತಡವಾಗಿ ಹೊಡೆಯುತ್ತದೆ, ಅಷ್ಟರಲ್ಲಿ ಎರಡನೆಯವನ ಹತ್ತು ಗಂಟೆಯ ಸುದ್ದಿ ಬೆಳಕಿನ ವೇಗದಲ್ಲಿ ಬಂದು ಮುಟ್ಟಿರುತ್ತದೆ. ಭಾರವನ್ನು ಎರಡನೆಯವನ ಪಕ್ಕ ಇಟ್ಟರೆ ಎಲ್ಲ ತಿರುಗುಮುರುಗು. ಈಗ ಭಾರವನ್ನು ಈ ಪಕ್ಕ ಮತ್ತು ಆ ಪಕ್ಕದ ಸೂಪರ್‌ಪೊಸಿಷನ್‌ನಲ್ಲಿ ಇಡಿ. ಇಲ್ಲಿ ಬೇಗ ಕ, ತಡವಾಗಿ ಕ ಅಂತ ಎರಡು ಇಲ್ಲ. ಅವನವನ ಗಡಿಯಾರದಲ್ಲಿ ಹತ್ತು ಹೊಡೆದದ್ದು ಒಂದೇ ಸಲ. ನಾಲ್ಕು ಎಣಿಸೋಣ ಅಂದರೆ ನೋಡಲು ಗೋಡೆ ಗಡಿಯಾರವೇ ಇಲ್ಲ.

ಎರಡನೇಮಾತು:

ಮೇಷ್ಟ್ರೇ, ಇದನ್ನು ಮನಸಾರೆ ಒಪ್ಪುತ್ತೇನೆ. ಅಲ್ಲಿ ಎರಡೇ ಘಟನೆ. ಅದನ್ನು ಮಾಡಿ ತೋರಿಸಿದ ದಿನ ನನ್ನ ತಕರಾರು ವಾಪಸ್.

ಆದರೆ ಎಷ್ಟು ದೂರ ಇದ್ದೇವೆ ನೋಡಿ. ಗಡಿಯಾರದ ಕಡೆ ತುಂಬಾ ಮುಂದೆ ಬಂದಿದ್ದೇವೆ, 2010ರಲ್ಲಿ 33 ಸೆಂಟಿಮೀಟರ್ ಎತ್ತರದ ವ್ಯತ್ಯಾಸಕ್ಕೆ ಗಡಿಯಾರ ಬೇರೆ ಓಡುವುದನ್ನು ಅಳೆದರು, 2022ರಲ್ಲಿ ಒಂದು ಮಿಲಿಮೀಟರ್ ಒಳಗೇ ಕಂಡರು. ಭಾರದ ಕಡೆ ಹಾಗಿಲ್ಲ. ಇಡೀ ಭೂಮಿಯೇ ಪಕ್ಕದಲ್ಲಿದ್ದರೂ ಗಡಿಯಾರ ಹಿಂದೆ ಬೀಳುವುದು ವರ್ಷಕ್ಕೆ ಸುಮಾರು 0.02 ಸೆಕೆಂಡ್. 2019ರಲ್ಲಿ ಸೂಪರ್‌ಪೊಸಿಷನ್‌ಗೆ ತಂದ ಅಣುವಿನಲ್ಲಿ ಇದ್ದದ್ದು ಸುಮಾರು 2000 ಪರಮಾಣುಗಳು, ಅದರ ತೂಕ 25,000 ಹೈಡ್ರೋಜನ್ ಪರಮಾಣುಗಳಿಗಿಂತ ಸ್ವಲ್ಪ ಜಾಸ್ತಿ.

ನೂರೆಂಟುಪ್ರಶ್ನೆ:

ಇದರಿಂದ ಉಪಯೋಗ ಏನಾದರೂ ಇದೆಯಾ, ಇಲ್ಲ ತಿಳಿದುಕೊಳ್ಳುವ ಖುಷಿಗೆ ಮಾತ್ರಾನಾ?

ಗಾಜುಬಿಲ್ಲೆ:

ತಿಳಿದುಕೊಳ್ಳುವ ಖುಷಿಯೇ ನನಗೆ ಸಾಕಷ್ಟು. ಆದರೂ ಇದೆ. ಮೇಲೆ ಹೇಳಿದ ಬಿಲ್ಲೆಗಳನ್ನೇ ತೆಗೆದುಕೊಳ್ಳಿ. ಎರಡು ಪೆಟ್ಟಿಗೆ ಕೊಟ್ಟು, ಇವುಗಳ ಕ್ರಮ ಬದಲಾಯಿಸಿದರೆ ಏನೂ ಆಗುವುದಿಲ್ಲವೋ ಅಥವಾ ಮೈನಸ್ ಬರುತ್ತದೋ, ಎರಡರಲ್ಲಿ ಒಂದು, ಯಾವುದು ಅಂತ ಹೇಳಿ ಅಂದರೆ, ಸ್ವಿಚ್ ಪ್ರತಿ ಪೆಟ್ಟಿಗೆಯನ್ನು ಒಂದೇ ಸಲ ಬಳಸಿ ತಪ್ಪಿಲ್ಲದೆ ಹೇಳುತ್ತದೆ. ಕ್ರಮ ನಿಗದಿಯಾದ ಯಾವ ಸರ್ಕ್ಯೂಟೂ ಇದನ್ನು ಮಾಡಲಾರದು, ಒಂದು ಪೆಟ್ಟಿಗೆಯನ್ನಾದರೂ ಎರಡು ಸಲ ಬಳಸಬೇಕು.

ತುಂಬಾ ಗದ್ದಲ ಇರುವ ಚಾನೆಲ್‌ಗಳಲ್ಲಿ ಸ್ವಿಚ್ ಹಾಕಿದರೆ ಸುದ್ದಿ ದಾಟಿಸಬಹುದು ಅಂತ 2018ರಲ್ಲಿ ತೋರಿಸಿದರು. ಕ್ರಮವನ್ನು ಮುಟ್ಟದೆ ಬರೀ ದಾರಿಗಳ ಸೂಪರ್‌ಪೊಸಿಷನ್‌ನಿಂದಲೂ ಅಂಥದ್ದೇ ಲಾಭ ಸಿಗುತ್ತದೆ ಅಂತ ಆಮೇಲೆ ಬೇರೆಯವರು ತೋರಿಸಿದರು. ಹಾಗಾಗಿ ಅದರ ಹೆಗ್ಗಳಿಕೆಯನ್ನು ಕ್ರಮಕ್ಕೆ ಕೊಡಲು ನನಗೆ ಮನಸ್ಸಿಲ್ಲ.

ಲಾಗ್‌ನೋಟ:

ಎಲ್ಲವನ್ನೂ ಮೇಲಿನಿಂದ ಇನ್ನೊಂದು ಸಲ ಓದಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೆಯದಾಗಿ ಒಂದೇ ಪ್ರಶ್ನೆ. ನಾನು ಈ ಸ್ವಿಚ್‌ಗೆ ಒಂದು ಲಾಗ್ ಬರೆಯಬೇಕಾದರೆ ಏನು ಬರೆಯಬೇಕು? ಪ್ರತಿ ಸಾಲಿಗೂ ಟೈಮ್‌ಸ್ಟ್ಯಾಂಪ್ ಹಾಕುವುದು ನನ್ನ ಕೈಗೆ ಅಭ್ಯಾಸವಾಗಿಬಿಟ್ಟಿದೆ.

ಗಾಜುಬಿಲ್ಲೆ:

ಮೂರು ಸಾಲು ಬರೆಯಬಹುದು. ಕ ಒಂದು ಸಲ ಓಡಿತು. ಖ ಒಂದು ಸಲ ಓಡಿತು. ಫೋಟಾನ್ ಎರಡನೇ ಬಾಗಿಲಿಂದ ಬಂತು. ಮೂರನೇ ಸಾಲಿಗೆ ಬೇಕಾದರೆ ಹೊತ್ತು ಹಾಕಿ. ಮೊದಲ ಎರಡು ಸಾಲಿಗೆ ಎರಡು ದಾರಿ ಬೇರೆಯಾಗಿ ಕಾಣುವಷ್ಟು ನಿಖರವಾದ ಹೊತ್ತು ಹಾಕಿದರೆ ಮೂರನೇ ಸಾಲು ಹೀಗೆ ಬರುವುದಿಲ್ಲ. ಅರ್ಧ ಸಲ ಮೊದಲ ಬಾಗಿಲು ಅಂತ ಬರುತ್ತದೆ.

ಲಾಗ್‌ನೋಟ:

ಹಾಗಾದರೆ ಆ ಎರಡು ಸಾಲುಗಳನ್ನು ಪುಟದಲ್ಲಿ ಯಾವುದರ ಕೆಳಗೆ ಯಾವುದನ್ನು ಬರೆಯಲಿ?

ಗಾಜುಬಿಲ್ಲೆ:

ಅಕ್ಕಪಕ್ಕ ಬರೆಯಿರಿ.